ಬಾಲ, ಕೋಡು, ಹಾವು

ಅಪ್ಪೆಮಿಡಿ ಉಪ್ಪಿನಕಾಯಿಗೂ ಗೂಢಲಿಪಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಸೆರಗು ಬಾಯಿಗೆ ಒತ್ತಿಕೊಳ್ಳುತ್ತೇನೆ. ನಗು ಒಂದು ಹದಕ್ಕೆ ಬಂದ ಮೇಲೆ ಹೇಳಲು ಶುರುಮಾಡುತ್ತೇನೆ. ಪೂರ್ತಿ ಮುಗಿಸಿದ್ದು ಇಲ್ಲ. ಬರೆದರಾದರೂ ಮುಗಿದೀತು ಅಂತ ಕೂತಿದ್ದೇನೆ. ಒಲೆಯ ಮೇಲೆ ಕಷಾಯ ಇದೆ, ಅದು ಉಕ್ಕುವುದರೊಳಗೆ ಎಲ್ಲಿಯವರೆಗೆ ಆಗುತ್ತದೋ ನೋಡೋಣ.

ನಮ್ಮದು ಶಿರಸಿ ಪೇಟೆಯಲ್ಲಿ ಮನೆ. ನಮ್ಮನೆಯವರಿಗೆ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಕಂಪ್ಯೂಟರ್ ಅಂಗಡಿ. ಕಿರಾಣಿ ಅಂಗಡಿ, ಬಟ್ಟೆ ಅಂಗಡಿಯವರಿಗೆ ಬಿಲ್ ಮಾಡುವ ಪ್ರೋಗ್ರಾಂ ಬರೆದುಕೊಡುತ್ತಾರೆ. ನನ್ನ ಅಕ್ಕ ಸಿದ್ದಾಪುರದ ಕಡೆ ಇದ್ದಾಳೆ. ನನ್ನ ನಾದಿನಿ, ಅಂದರೆ ನಮ್ಮನೆಯವರ ತಂಗಿ, ಮಂಚಿಕೇರಿಯಲ್ಲಿ. ನಡುವೆ ನಾನು. ಭೂಗೋಳದಲ್ಲೂ ನಡುವೆ, ಬೇರೆ ಎಲ್ಲದರಲ್ಲೂ ನಡುವೆ.

ಅಕ್ಕ ಮತ್ತು ನಾದಿನಿ ನನ್ನ ಮದುವೆಯ ಚಪ್ಪರದಲ್ಲಿ ಪರಿಚಯವಾದವರು. ಆಮೇಲೆ ನನ್ನನ್ನೂ ಮೀರಿ ಅವರಿಬ್ಬರೇ ಗೆಳತಿಯರಾದರು. ಇವಳ ಮೊಳಕೆ ಅವಳ ಅಂಗಳಕ್ಕೆ, ಅವಳ ಬಾಳಕದ ಮೆಣಸು ಇವಳ ಡಬ್ಬಕ್ಕೆ. ನಾದಿನಿಯ ದೊಡ್ಡ ಪಿಂಗಾಣಿ ಭರಣಿ, ಕಂದು ಕುತ್ತಿಗೆಯದ್ದು, ಅವಳಿಗೆ ತವರಿನಿಂದ ಬಂದದ್ದು, ಅಕ್ಕನ ಅಟ್ಟದ ಮೇಲೆ ಹೋಗಿ ಕೂತಿತ್ತು ಅಂದರೆ ಅವರ ಸ್ನೇಹ ಎಷ್ಟು ಅಂತ ತಿಳಿಯಬಹುದು. ನಮ್ಮಲ್ಲಿ ಬಂಗಾರ ಕೊಟ್ಟಾರು, ಉಪ್ಪಿನಕಾಯಿಯ ಭರಣಿ ಕೊಡುವುದಿಲ್ಲ.

ಅಂಥವರ ಮಾತು ನಿಂತುಹೋಯಿತು. ಕಾರಣ ಶಿರಸಿಯಲ್ಲಿ ನಡೆಯುವ ಅಪ್ಪೆಮಿಡಿ ಸ್ಪರ್ಧೆ. ಹಿಂದಿನ ವರ್ಷ ಸ್ಪರ್ಧೆಯ ನಡುವೆಯೇ ಸಮಿತಿಯ ಯಾರೋ ಒಬ್ಬರು ನಾದಿನಿಯ ಕಿವಿಯಲ್ಲಿ, "ಈ ಸಲ ನಿಂದೇ ಮೊದಲು, ಯಾರಿಗೂ ಹೇಳಡ" ಎಂದು ಅಂಕದ ಸಮೇತ ಉಸುರಿದರು. ಅವಳು ಯಾರಿಗೂ ಹೇಳಲಿಲ್ಲ, ಮಂಚಿಕೇರಿಗೆ ಫೋನ್ ಮಾಡಿ ಗಂಡನಿಗೆ ಮಾತ್ರ ಹೇಳಿದಳು. ಗಂಡ ಊರಿಗೆ ಹೇಳಿದ. ಸಂಜೆ ಮೈಕಿನಲ್ಲಿ ಕೂಗಿದ್ದು ನನ್ನ ಅಕ್ಕನ ಹೆಸರು. ನಾದಿನಿ ಒಂದೇ ಮಾತು ಅಂದಳು, "ಅಂಕ ಕಡೆಗೆ ತಿದ್ದಿದ್ದ." ಅಕ್ಕ ಅದಕ್ಕೆ ಉತ್ತರವನ್ನೇ ಕೊಡಲಿಲ್ಲ. ಉತ್ತರ ಕೊಟ್ಟಿದ್ದರೆ ಜಗಳವಾಗಿ ಮುಗಿಯುತ್ತಿತ್ತು. ಕೊಡದೇ ಇದ್ದದ್ದರಿಂದ ವರ್ಷವಿಡೀ ನಡೆಯಿತು.

ನಮ್ಮನೆಯ ಸತ್ಯನಾರಾಯಣ ಕಥೆಯ ದಿನ ಒಬ್ಬಳು ಮೊದಲ ಪಂಕ್ತಿಗೆ ಕೂತರೆ ಇನ್ನೊಬ್ಬಳು ಎರಡನೇ ಪಂಕ್ತಿಗೆ. ನಾನು ಎರಡರಲ್ಲೂ ಒಂದೊಂದು ತುತ್ತು ಉಂಡೆ. ಇಬ್ಬರೂ ಫೋನ್ ಮಾಡುವುದು ನನಗೇ. "ಅದು ಹೆಂಗಿದ್ದು?" ಎಂದು ಅಕ್ಕ ಕೇಳುವಳು, ಹೆಸರು ಹಿಡಿಯದೆ. "ಸಿದ್ದಾಪುರದ ಕಡೆ ಮಳೆ ಬಂತಡ?" ಎಂದು ನಾದಿನಿ ಕೇಳುವಳು. ಅವಳಿಗೆ ಬೇಕಾದದ್ದು ಮಳೆಯಲ್ಲ. ಭರಣಿ ಮಾತ್ರ ಅಟ್ಟದ ಮೇಲೇ ಇತ್ತು. ಕೇಳಿದರೆ ಸೋತಂತೆ ಅಂತ ನಾದಿನಿ, ಕೇಳದೆ ಕಳಿಸಿದರೆ ಸಂಬಂಧ ಹರಿದಂತೆ ಅಂತ ಅಕ್ಕ.

ಈ ವರ್ಷ ಸ್ಪರ್ಧೆಯ ಮಾತು ಬಂದಾಗ ಇಬ್ಬರೂ ಬರುವುದಿಲ್ಲ ಅಂದರು. ಆಗ ನಮ್ಮನೆಯವರಿಗೆ ಎಲ್ಲಿಂದ ಬಂತೋ ಉತ್ಸಾಹ. ಸ್ನಾನ ಮುಗಿಸಿ ಪಂಚೆಯಲ್ಲೇ ಅಡುಗೆಮನೆಗೆ ಬಂದು ಹೇಳಿದರು, "ಎರಡೇ ತಾಪತ್ರಯ. ಮೊದಲು ಯಾರಿಗೂ ಗೊತ್ತಪ್ಪಲಾಗ. ಕಡೆಗೆ ಯಾರಿಗೂ ತಿದ್ದಲಾಗ. ಎರಡಕ್ಕೂ ಆನು ಪ್ರೋಗ್ರಾಂ ಮಾಡ್ತೆ."

ಅವರ ಯೋಜನೆ ಹೀಗಿತ್ತು. ತೀರ್ಪುಗಾರರು ಒಳಕೋಣೆಯಲ್ಲಿ ರುಚಿ ನೋಡಿ ಮೊಬೈಲಿನಲ್ಲಿ ಅಂಕ ಒತ್ತುತ್ತಾರೆ. ಒತ್ತಿದ ಕೂಡಲೇ ಅದು ಗೂಢಲಿಪಿಯಾಗಿ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ, ಹೊರಗೆ ಸಭಾಂಗಣದ ದೊಡ್ಡ ಪರದೆಯ ಮೇಲೆ ಎಲ್ಲರಿಗೂ ಕಾಣುತ್ತದೆ. ಎಲ್ಲರೂ ನೋಡಿದ್ದನ್ನು ಆಮೇಲೆ ತಿದ್ದುವಂತಿಲ್ಲ. ಅರ್ಥವಾಗದ್ದರಿಂದ ಪಿಸುಗುಡುವಂತೆಯೂ ಇಲ್ಲ. ಕೀಲಿ ಇವರ ಅಂಗಿಯ ಕಿಸೆಯ ಪೆನ್‌ಡ್ರೈವಿನಲ್ಲಿ. ಕೊನೆಗೆ ಅದನ್ನು ಚುಚ್ಚಿದರೆ ಎಲ್ಲವೂ ಒಮ್ಮೆಗೇ ಬಿಚ್ಚಿಕೊಳ್ಳುತ್ತದೆ.

"ಯಾರಾದ್ರೂ ಕೀಲಿ ಇಲ್ಲದೆ ಬಿಚ್ಚಿದ್ರೆ?" ಎಂದೆ.

"ಇದು ಬ್ಯಾಂಕಿನವು, ಸೈನ್ಯದವು ಬಳಸೋ ಅಲ್ಗಾರಿದಮ್. ಲೋಕದಲ್ಲಿದ್ದ ಕಂಪ್ಯೂಟರ್ ಎಲ್ಲಾ ಸೇರಿ ಕೂತ್ರೂ, ಸೂರ್ಯ ಆರೋದ್ರೊಳಗೆ ಬಿಚ್ಚಲೆ ಆಗ್ತಿಲ್ಲೆ."

ಸೂರ್ಯನ ವಿಷಯ ಬಂದ ಮೇಲೆ ಸಂಶಯಕ್ಕೆ ಜಾಗ ಎಲ್ಲಿ? ಅಕ್ಕನಿಗೂ ನಾದಿನಿಗೂ ಫೋನ್ ಮಾಡಿ ಅದನ್ನೇ ಹೇಳಿದೆ. "ಭಾವ ಮಾಡಿದ್ದಾದ್ರೆ ಬತ್ತೆ" ಎಂದು ಒಬ್ಬಳು, "ಅಣ್ಣ ಮಾಡಿದ್ದಾದ್ರೆ ಬತ್ತೆ" ಎಂದು ಇನ್ನೊಬ್ಬಳು. ಫೋನ್ ಇಟ್ಟ ಮೇಲೆ ಇವರ ಮುಖ ನೋಡಬೇಕಿತ್ತು. ಒಂದು ಕಡೆ ಹೆಂಡತಿಯ ಅಕ್ಕ, ಇನ್ನೊಂದು ಕಡೆ ಒಡಹುಟ್ಟಿದ ತಂಗಿ. ಈ ಸಲವೂ ಗುಟ್ಟು ಹೊರಗೆ ಬಿತ್ತೋ, ಇನ್ನು ಅವರಿಬ್ಬರನ್ನು ಒಂದು ಜಗಲಿಯ ಮೇಲೆ ಕೂರಿಸುವುದು ಈ ಜನ್ಮದಲ್ಲಿ ಇಲ್ಲ.

ಪ್ರೋಗ್ರಾಂ ಸಿದ್ಧವಾದ ಮೇಲೆ ಸಮಿತಿಯ ಅಧ್ಯಕ್ಷರು ನೋಡಲು ಮನೆಗೆ ಬಂದರು. ಹಿರಿಯರು, ಊಟಕ್ಕೆ ಕರೆದರೆ ಎಲ್ಲರ ಎಲೆಗೂ ಕಣ್ಣು ಹಾಯಿಸಿಯೇ ತಾವು ಉಣ್ಣುವವರು. ಅವಲಕ್ಕಿ ತಿನ್ನುತ್ತ ಎಂಟು ಒತ್ತಿದರು. ಪರದೆಯ ಮೇಲೆ ಒಂದು ಸಾಲು ಬಂತು. ಮತ್ತೆ ಎಂಟು ಒತ್ತಿದರು. ಬೇರೆಯೇ ಸಾಲು ಬಂತು. ಅವಲಕ್ಕಿ ಕೈಯಲ್ಲೇ ನಿಂತಿತು.

"ಇದೆಂತದು? ಎಂಟಕ್ಕೆ ಒಂದ್ಸಲ ಹಿಂಗೆ, ಇನ್ನೊಂದ್ಸಲ ಹಂಗೆ?"

ಪ್ರತಿ ಸಲ ಒಳಗೆ ಒಂದು ಹೊಸ ಅಂಕಿ, ಯಾರೂ ಊಹಿಸದಂಥದ್ದು, ಬೆರೆಸಿಯೇ ಕಟ್ಟಬೇಕು, ಕ್ರಮವೇ ಹಾಗೆ ಎಂದು ಇವರು ಹೇಳಿನೋಡಿದರು.

"ಕ್ರಮ ನಿನ್ನ ಕಂಪ್ಯೂಟರಿಂದು. ಜನ ಎಂತ ಹೇಳ್ತ? ಇವಳ ಎಂಟು ಒಂದು ನಮೂನೆ, ಅವಳ ಎಂಟು ಇನ್ನೊಂದು ನಮೂನೆ ಅಂದ್ರೆ ಪಂಕ್ತಿಭೇದ ಆಗ್ತಲ ಮಾರಾಯಾ. ಒಂದೇ ಅಂಕಕ್ಕೆ ಒಂದೇ ಅಕ್ಷರ ಬರಲಿ. ಹೋದ ವರ್ಷದ ಗಲಾಟೆ ಸಾಲದಾ?"

ಊಟದ ಸಾಲಿನಲ್ಲಿ ಒಬ್ಬರಿಗೆ ತುಪ್ಪ, ಇನ್ನೊಬ್ಬರಿಗೆ ಬರೀ ಸಾರು ಹಾಕುವುದು ನಮ್ಮಲ್ಲಿ ಮಹಾಪಾಪ. ಆ ಪಾಪ ಕಂಪ್ಯೂಟರಿನಲ್ಲೂ ಆಗಬಾರದು ಅಂತ ಹಿರಿಯರು ಬಯಸಿದರು. ಮನೆಗೆ ಬಂದ ಹಿರಿಯರಿಗೆ ಆಗುವುದಿಲ್ಲ ಅನ್ನಲು ನಮ್ಮನೆಯವರ ನಾಲಿಗೆ ಹೊರಳಲಿಲ್ಲ. "ಅಡ್ಡಿಲ್ಲೆ" ಎಂದು ಅಲ್ಲೇ ಏನೋ ಒಂದು ಸಾಲು ತಿದ್ದಿದರು. ಅಧ್ಯಕ್ಷರು ಮತ್ತೆರಡು ಸಲ ಎಂಟು ಒತ್ತಿ, ಒಂದೇ ಸಾಲು ಬಂದದ್ದು ನೋಡಿ, ಇನ್ನೂ ಸ್ವಲ್ಪ ಅವಲಕ್ಕಿ ಹಾಕಿಸಿಕೊಂಡರು. ಅವರು ಹೋದ ಮೇಲೆ ಇವರು ತಮ್ಮಷ್ಟಕ್ಕೆ ತಾವೇ, "ಅಲ್ಗಾರಿದಮ್ ಅದೇ ಇದ್ದು, ಕೀಲಿಯೂ ಅದೇ, ಎಂತ ಆಗ್ತಿಲ್ಲೆ" ಎಂದದ್ದು ಲೋಟ ತೊಳೆಯುತ್ತಿದ್ದ ನನಗೆ ಕೇಳಿಸಿತು.

ಸ್ಪರ್ಧೆಯ ದಿನ ಸಭಾಭವನಕ್ಕೆ ಕಾಲಿಟ್ಟರೆ ಮಾವಿನ ಸೊನೆಯ ವಾಸನೆಗೇ ಬಾಯಲ್ಲಿ ನೀರು. ಮೇಜಿನ ಮೇಲೆ ಭರಣಿಗಳು, ಬಾಯಿಗೆ ಬಿಳಿ ಬಟ್ಟೆ, ಕುತ್ತಿಗೆಗೆ ನಂಬರಿನ ಚೀಟಿ. ಯಾರ ನಂಬರು ಯಾವುದು ಅಂತ ಅವರವರಿಗಷ್ಟೇ ಗೊತ್ತು, ಇನ್ನೊಬ್ಬರಿಗೆ ಹೇಳಬಾರದು. ನನಗೆ ಮಾತ್ರ ಇಬ್ಬರೂ ಬಂದ ಕೂಡಲೇ ಹೇಳಿದ್ದರು.

ಸಿದ್ದಾಪುರದವರು ತಮ್ಮ ಟೆಂಪೋದಲ್ಲಿ ಬಂದು ಎಡಕ್ಕೆ, ಮಂಚಿಕೇರಿ, ಯಲ್ಲಾಪುರದ ಕಡೆಯವರು ಬಂದು ಬಲಕ್ಕೆ. ನಾನು ನಡುವಿನ ಸಾಲಿನಲ್ಲಿ ಒಂದು ಕುರ್ಚಿ ಹಿಡಿದೆ. ಅಕ್ಕ ನನ್ನ ಎಡಕ್ಕೆ ಬಂದು ಕೂತಳು. ನಾದಿನಿ ಬಲಕ್ಕೆ ಕೂತಳು. ಇಬ್ಬರೂ ನನ್ನ ಸೀರೆ ಚಂದ ಇದೆ ಅಂದರು.

ತೀರ್ಪುಗಾರರು ಮೂವರು. ಶಿರಸಿಯ ಒಬ್ಬ ಡಾಕ್ಟರಮ್ಮ, ಅರಬೈಲ್ ಘಟ್ಟದ ಕೆಳಗಿನಿಂದ ಬಂದ ಹೋಟೆಲಿನವರೊಬ್ಬರು, ಬನವಾಸಿ ಕಡೆಯ ನಿವೃತ್ತ ಮಾಸ್ತರು. ಒಳಗೆ ಹೋಗುವಾಗಲೇ ಮಾಸ್ತರು ಕೈಮುಗಿದು ಹೇಳಿಬಿಟ್ಟರು, "ನೋಡ್ರಿ ತಾಯಿ, ಯಾರ ಕೈಯಡಗಿಗೆ ಕಡಿಮಿ ಹಾಕ್ಲಿ? ಹಾಕಿದ್ರ ನನಗ ಊಟ ಸೇರಾಂಗಿಲ್ಲ."

ಪರದೆಯ ಮೇಲೆ ಒಂದೊಂದೇ ನಂಬರು ಬರತೊಡಗಿತು. ಪ್ರತಿ ನಂಬರಿನ ಮುಂದೆ ಮೂರು ಸಾಲು ಅಕ್ಷರ, ಮೂವರು ತೀರ್ಪುಗಾರರದ್ದು. ನಮ್ಮನೆಯವರು ಮೈಕಿನಲ್ಲಿ ಸೂರ್ಯನ ಮಾತನ್ನು ಇನ್ನೊಮ್ಮೆ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಅಕ್ಕ ತಟ್ಟಲಿಲ್ಲ. ಅವಳು ಕನ್ನಡಕ ಒರೆಸಿ, ಹಾಕಿ, ಮತ್ತೆ ತೆಗೆದು ಒರೆಸಿದಳು.

"ತಂಗೀ, ಬೋರ್ಡಿನ ಮೇಲೆ ಬಪ್ಪದೆಲ್ಲ ಮೂರೇ ನಮೂನೆ ಇದ್ದಲೆ."

ನೋಡಿದೆ. ಮೊದಲ ಅಕ್ಷರ ನೋಡಿದರೇ ಸಾಕಿತ್ತು. ಒಂದು ದುಂಡಗಿದ್ದು ಕೆಳಗೆ ಬಾಲ ಇರುವ ಕ್ಯೂ. ಇನ್ನೊಂದು ಎರಡು ಕೋಡು ಎತ್ತಿದ ವೈ. ಮೂರನೆಯದು ಹಾವಿನಂತೆ ಸುತ್ತಿದ ಎಸ್. ಒಂದರಿಂದ ಹತ್ತರವರೆಗೆ ಅಂಕ ಇದ್ದರೂ ಪರದೆಯ ತುಂಬ ಬರೀ ಬಾಲ, ಕೋಡು, ಹಾವು.

"ಮೂರೇ ಎಂತಕ್ಕೆ?" ಎಂದೆ.

"ಮತ್ತೆಷ್ಟು? ನಮ್ಮ ಬದಿಯಲ್ಲಿ ಆರು ಯಾರು ಕೊಡ್ತ? ಆರು ಕೊಟ್ರೆ ಆ ಮನೆ ಕಡೆ ತಲೆ ಹಾಕಲೆ ಆಗ್ತಾ? ಹತ್ತು ಕೊಟ್ರೆ ಉಳಿದವಕ್ಕೆ ಬೇಜಾರು. ಏಳು, ಎಂಟು, ಒಂಬತ್ತು. ಮುಗತ್ತು."

ಸೈನ್ಯದ ಅಲ್ಗಾರಿದಮ್‌ಗೆ ನಮ್ಮ ದಾಕ್ಷಿಣ್ಯದ ವಿಷಯ ಯಾರೂ ಹೇಳಿರಲಿಲ್ಲ.

"ಕೋಡು ಎಲ್ಲಾ ಕಡೆ ಇದ್ದು. ಅದು ಎಂಟು," ಎಂದಳು ಅಕ್ಕ. "ಬಾಲ ಯಾವುದು, ಹಾವು ಯಾವುದು ತಿಳಿತಿಲ್ಲೆ. ಒಂದು ಏಳು, ಒಂದು ಒಂಬತ್ತು."

ಬಲಗಡೆಯಿಂದ ನಾದಿನಿ ನನ್ನ ಕಿವಿಯ ಹತ್ತಿರ ಬಂದಳು. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಅತ್ತಿಗೆ, ಹನ್ನೊಂದನೇ ನಂಬರು ಬರಲಿ, ತಿಳಿತು. ಬೆಳಿಗ್ಗೆ ಭರಣಿ ಇಡುವಾಗ ಕಂಡಿದ್ದೆ. ಬಟ್ಟೆ ಮೇಲೆ ಬುರುಗು ಬಂದಿತ್ತು. ಅದಕ್ಕೆ ಒಂಬತ್ತು ದೇವರೂ ಕೊಡ್ತ್ನಿಲ್ಲೆ. ಬೇಕಾದ್ರೆ ಹೇಳು."

"ಯಾರಿಗೆ ಹೇಳಕ್ಕು?"

"ಯಾರಿಗೆ ಬೇಕೋ ಅವ್ಕೆ."

ನಾನು ಎಡಕ್ಕೆ ತಿರುಗಿ ಹೇಳಿದೆ. ಅಕ್ಕ ಪರದೆ ನೋಡುತ್ತಲೇ, "ಬುರುಗು ಬಂದದ್ದು ಉಪ್ಪು ಕಡಿಮೆ ಆಗಿಯಾ, ನೀರಿನ ಕೈ ತಾಗಿಯಾ ಕೇಳು" ಎಂದಳು. ಬಲಕ್ಕೆ ತಿರುಗಿ ಕೇಳಿದೆ. "ನೀರಿನ ಕೈ. ವಾಸನೆಯಲ್ಲೇ ಗೊತ್ತಾತು ಹೇಳು." ಎಡಕ್ಕೆ ಹೇಳಿದೆ. ಹೀಗೆ ನನ್ನ ಕುತ್ತಿಗೆ ಟೇಬಲ್ ಫ್ಯಾನಿನಂತೆ ಆಡತೊಡಗಿತು. ಅವರ ಮಾತು ನನ್ನ ಮೂಗಿನ ಮುಂದೆಯೇ ಹಾದುಹೋಗುತ್ತಿತ್ತು, ಆದರೂ ಪ್ರತಿಯೊಂದಕ್ಕೂ ನನ್ನ ಮೊಹರು ಬೇಕಿತ್ತು.

ಅಷ್ಟರಲ್ಲಿ ಒಂಬತ್ತನೇ ನಂಬರು ಬಂತು. ಅದು ನನ್ನ ಅಕ್ಕನದು. ಕೋಡು, ಕೋಡು, ಬಾಲ. ಅಕ್ಕನ ಕೈ ನನ್ನ ಮೊಣಕೈ ಹಿಡಿಯಿತು. ಹಿಂದೆಯೇ ಹತ್ತನೇ ನಂಬರು, ನನ್ನ ನಾದಿನಿಯದು. ಕೋಡು, ಕೋಡು, ಬಾಲ. ಇನ್ನೊಂದು ಮೊಣಕೈಯೂ ಹೋಯಿತು. ಬಾಲ ಒಂಬತ್ತಾದರೆ ಇಬ್ಬರೂ ಮೇಲೆ, ಏಳಾದರೆ ಇಬ್ಬರೂ ಕೆಳಗೆ. ಇಬ್ಬರ ಹಣೆಬರಹವೂ ಒಂದೇ ಬಾಲಕ್ಕೆ ಜೋತುಬಿದ್ದಿತ್ತು. ಇದು ನನಗೊಬ್ಬಳಿಗೇ ಗೊತ್ತು, ಹೇಳುವ ಹಾಗಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ. ಇನ್ನು ಕೂತರೆ ಆಗುವುದಿಲ್ಲ ಅಂತ, "ಮಜ್ಜಿಗೆ ತತ್ತೆ" ಎಂದು ಎದ್ದೋಡಿದೆ.

ಮಜ್ಜಿಗೆಯ ಕೊಳಗದ ಹತ್ತಿರ ಗೋಡೆಗೆ ಮುಖ ಮಾಡಿ ಒಬ್ಬಳೇ ನಕ್ಕೆ. ಬಡಿಸುವವನು, "ಎಂತಾತು ಅಕ್ಕಾ, ಖಾರ ಹತ್ತಿತಾ?" ಎಂದು ಕೇಳಿದ. ಹೌದೆಂದೆ. ಎರಡು ಲೋಟ ಹಿಡಿದು ತಿರುಗಿ ನೋಡಿದರೆ ನನ್ನ ಕುರ್ಚಿ ಇಲ್ಲ. ಕುರ್ಚಿ ಇತ್ತು, ಅದರ ಮೇಲೆ ನಾದಿನಿ ಕೂತಿದ್ದಳು. ಅಕ್ಕನ ತಲೆಗೆ ಅವಳ ತಲೆ ತಾಗಿತ್ತು.

ಹತ್ತಿರ ಹೋಗಿ ಹಿಂದೆ ನಿಂತೆ. ಅವರಿಗೆ ನಾನು ಬಂದದ್ದೂ ಬೇಕಿರಲಿಲ್ಲ.

"ಹತ್ತು ನಿಂದಾ?" ಅಕ್ಕ ಕೇಳುತ್ತಿದ್ದಳು.

"ಒಂಬತ್ತು ನಿಂದಾ?"

"ಸುಮ್ನಿರೇ ಕೂಸೇ, ನಂಬರು ಹೇಳಲಾಗ."

"ಆನು ಎಲ್ಲಿ ಹೇಳಿದ್ದಿ? ನೀನೇ ಹೇಳಿದ್ದು."

ಆಮೇಲೆ ನಾದಿನಿಯೇ ಮೆಲ್ಲಗೆ ಕೇಳಿದಳು, "ಅಕ್ಕಾ, ಹೋದ ವರ್ಷ ನಿಂಗೆ ಒಟ್ಟು ಎಷ್ಟು ಬಂದಿತ್ತು?"

"ಇಪ್ಪತ್ತೈದು. ಎಂತಕ್ಕೆ?"

"ಎನ್ನ ಕಿವಿಯಲ್ಲಿ ಹೇಳಿದ್ದೂ ಇಪ್ಪತ್ತೈದೇ."

ವರ್ಷವಿಡೀ ಇಬ್ಬರೂ ಒಂದೇ ಅಂಕವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಓಡಾಡಿದ್ದರು, ಬಿಚ್ಚಿ ತೋರಿಸಿರಲಿಲ್ಲ. ಈಗ ಇಬ್ಬರ ತಲೆಯೂ ಒಟ್ಟಿಗೇ ವೇದಿಕೆಯ ಮೇಲೆ ಕೂತ ಅಧ್ಯಕ್ಷರ ಕಡೆ ತಿರುಗಿತು. ಪಾಪ, ಅವರು ಅಡಿಕೆ ಕತ್ತರಿಸುತ್ತಿದ್ದರು.

ಆಗಲೇ ಹನ್ನೊಂದನೇ ನಂಬರು ಬಂತು. ಹಾವು, ಕೋಡು, ಹಾವು.

"ಹಾವು ಏಳು!" ಎಂದು ನಾದಿನಿ ಕೂಗಿದಳು. "ಬುರುಗಿಗೂ ಒಬ್ಬರು ಎಂಟು ಕೊಟ್ಟಿದ್ದ," ಎಂದಳು ಅಕ್ಕ. ಅದು ಮಾಸ್ತರೇ ಇರಬೇಕು. ಇಬ್ಬರೂ ಕೈ ಕೈ ಹಿಡಿದು ನಕ್ಕದ್ದು ನೋಡಿ ಮುಂದಿನ ಸಾಲಿನವರು ತಿರುಗಿದರು, ಏನು ಅಂದರು. ಹೇಳಿದರು. ಅವರು ಅವರ ಮುಂದಿನವರಿಗೆ ಹೇಳಿದರು. ವಾನಳ್ಳಿಯ ಹೆಂಗಸರ ಗುಂಪೊಂದು ಕೂಡಲೇ ಹಾಡಿನಂತೆ ಶುರು ಮಾಡಿತು. ಹದಿನಾಲ್ಕನೇ ನಂಬರು ಬರುವಷ್ಟರಲ್ಲಿ ಇಡೀ ಸಭೆ ಒಂದೇ ದನಿಯಲ್ಲಿ ಓದುತ್ತಿತ್ತು, "ಕೋಡು, ಬಾಲ, ಬಾಲ." ಎಡದವರು ಓದಿದರೆ ಬಲದವರು ಕೂಡಿಸಿ ಹೇಳುತ್ತಿದ್ದರು, "ಇಪ್ಪತ್ತಾರು."

ನಮ್ಮನೆಯವರು ವೇದಿಕೆಯ ಪಕ್ಕದಲ್ಲಿ ಲ್ಯಾಪ್‌ಟಾಪ್ ಮುಂದೆ ನಿಂತವರು ಮೊದಲು ತಾಂತ್ರಿಕ ತೊಂದರೆ ಅಂದುಕೊಂಡರಂತೆ. ಆಮೇಲೆ ಪರದೆ ನೋಡಿದರು, ಸಭೆ ನೋಡಿದರು, ಪರದೆ ನೋಡಿದರು. ಅವರ ಮುಖ ಹಿಂಡಿದ ನಿಂಬೆಯ ಹಾಗಾಯಿತು. ಕೆಳಗಿಳಿದು ನನ್ನ ಹತ್ತಿರ ಬಂದರು.

"ಹಾಳಾತು. ಆ ಹೊಸ ಅಂಕಿ ಬೆರೆಸೋದು ಆನು ನಿಲ್ಸಬಾರ್ದಾಗಿತ್ತು. ಪರದೆ ಬಂದ್ ಮಾಡ್ತೆ. ಅವೆರಡೂ ಎಲ್ಲಿದ್ದ? ಜಗಳ ಶುರುವಾತಾ?"

ನಾನು ಬೆರಳು ತೋರಿಸಿದೆ. ಅವರ ತಂಗಿ ನನ್ನ ಅಕ್ಕನ ಕನ್ನಡಕ ಹಾಕಿಕೊಂಡು ಹಿಂದಿನ ಸಾಲಿನವರಿಗೆ ಬಾಲ ಅಂದರೇನು ಅಂತ ವಿವರಿಸುತ್ತಿದ್ದಳು. ಅಕ್ಕ ಅವಳ ಸೆರಗಿನಿಂದ ತನ್ನ ಕಣ್ಣೀರು ಒರೆಸಿಕೊಳ್ಳುತ್ತಿದ್ದಳು. ನಗುವಿನ ಕಣ್ಣೀರು.

"ಬಂದ್ ಮಾಡ್ಬೇಡಿ," ಎಂದೆ. "ಒಂದು ವರ್ಷದ ಮಾತು ಬಾಕಿ ಇದ್ದು."

ಅವರು ನನ್ನ ಕೈಯಲ್ಲಿದ್ದ ಎರಡು ಲೋಟ ಮಜ್ಜಿಗೆಯನ್ನೂ ಕುಡಿದು ವೇದಿಕೆಗೆ ಹೋದರು.

ಕೊನೆಯಲ್ಲಿ ಶಾಸ್ತ್ರಕ್ಕೆ ಪೆನ್‌ಡ್ರೈವ್ ಚುಚ್ಚಿದರು. ಬಾಲಗಳೆಲ್ಲ ಒಂಬತ್ತಾದವು, ಕೋಡುಗಳೆಲ್ಲ ಎಂಟಾದವು. ಒಂದೂ ತಪ್ಪಿರಲಿಲ್ಲ. ಮೊದಲ ಬಹುಮಾನ ವಾನಳ್ಳಿಯ ಹೊಸ ಸೊಸೆಯೊಬ್ಬಳಿಗೆ, ಎರಡು ಬಾಲ ಒಂದು ಕೋಡಿನ ಹುಡುಗಿಗೆ. ಅವಳಿಗೆ ಅದು ಆಗಲೇ ಗೊತ್ತಾಗಿ, ಅವಳ ಅತ್ತೆ ಆಗಲೇ ಅತ್ತು, ಪಕ್ಕದವರೆಲ್ಲ ಆಗಲೇ ಸಕ್ಕರೆ ತಿಂದು ಆಗಿತ್ತು. ಒಬ್ಬರಿಗೂ ಬೇಜಾರಿಲ್ಲ. ಹೋದ ವರ್ಷ ಗುಟ್ಟು ಒಂದೇ ಕಿವಿಗೆ ಬಿದ್ದಿತ್ತು, ಈ ವರ್ಷ ಸಭೆಗೆಲ್ಲ ಬಡಿಸಿ ಆಗಿತ್ತು. ಅಧ್ಯಕ್ಷರು ಬಯಸಿದಂತೆಯೇ ಪಂಕ್ತಿಭೇದ ಆಗಲಿಲ್ಲ.

ಅಧ್ಯಕ್ಷರನ್ನು ನನ್ನ ಅಕ್ಕ ನಾದಿನಿ ಮಾತ್ರ ಬಿಡಲಿಲ್ಲ. ಅವರು ಕೈ ತೊಳೆಯುವಲ್ಲಿ ಹಿಡಿದರು.

"ಹೋದ ವರ್ಷ ಇಬ್ಬರಿಗೂ ಸಮ ಬಂದಿತ್ತಡ?"

ಅಧ್ಯಕ್ಷರು ಕೈಯನ್ನು ಎಷ್ಟು ಹೊತ್ತು ತೊಳೆದರೆಂದರೆ ಹಿಂದೆ ನಿಂತವರು ಕೆಮ್ಮಿದರು. "ಹೌದು. ಯಾರಿಗೆ ಬೇಜಾರ ಮಾಡೂದು ಹೇಳಿ ಚೀಟಿ ಎತ್ತಿದ್ಯ. ಚೀಟಿ ಎತ್ತಿದ್ದು ಹೇಳಿದ್ರೆ ಇಬ್ಬರಿಗೂ ಬೇಜಾರ ಹೇಳಿ ಸುಮ್ನಾದ್ಯ."

ಯಾರಿಗೂ ಬೇಜಾರಾಗದಿರಲಿ ಎಂದು ಅವರು ನುಂಗಿದ ಆ ಒಂದು ಮಾತಿಗೆ ನನ್ನ ಮನೆಯ ಪಂಕ್ತಿ ವರ್ಷವಿಡೀ ಎರಡಾಗಿತ್ತು. ಅಕ್ಕನಿಗೂ ಹಾಗೇ ಅನ್ನಿಸಿರಬೇಕು, ಬಾಯಿ ತೆರೆದಳು. ಅಷ್ಟರಲ್ಲಿ ನಾದಿನಿ, "ಹೋಗ್ಲಿ ಬಿಡು ಅಕ್ಕಾ, ಅವ್ಕೆ ಬೇಜಾರ ಆಗ್ತು" ಎಂದಳು. ಅಲ್ಲಿಗೆ ನಾನು ಮತ್ತೆ ಗೋಡೆಯ ಕಡೆ ತಿರುಗಬೇಕಾಯಿತು.

ಎಲ್ಲ ಮುಗಿದು ಕುರ್ಚಿ ಮಡಚುವಾಗ ನಮ್ಮನೆಯವರು ಪೆನ್‌ಡ್ರೈವ್ ಕಿಸೆಗೆ ಹಾಕಿಕೊಂಡು, ಸ್ವಲ್ಪ ಜಂಬದಿಂದಲೇ ಹೇಳಿದರು, "ನೋಡು, ಅಲ್ಗಾರಿದಮ್ ಇನ್ನೂ ಯಾರೂ ಮುರಿದಿದ್ವಿಲ್ಲೆ. ಕೀಲಿ ಎನ್ನ ಕಿಸೆಯಲ್ಲೇ ಇದ್ದು."

ಅದು ಸುಳ್ಳಲ್ಲ. ಅಕ್ಕ ಟೆಂಪೋ ಹತ್ತುವ ಮೊದಲು ಇದೇ ಮಾತಿಗೆ ತನ್ನ ತೀರ್ಪು ಕೊಟ್ಟು ಹೋಗಿದ್ದಳು, "ಭಾವ, ಮುಚ್ಚಳ ಗಟ್ಟಿ ಇದ್ದು. ಭರಣಿ ಗಾಜಿಂದಾತು, ಅಷ್ಟೇಯ." ನಮ್ಮನೆಯವರು ಮನೆಗೆ ಬಂದವರೇ ಲ್ಯಾಪ್‌ಟಾಪ್ ತೆಗೆದು ಆ ಒಂದು ಸಾಲನ್ನು ಮೊದಲಿನಂತೆ ಮಾಡಿಟ್ಟರು. ಈಗ ಎಂಟು ಒತ್ತಿದಷ್ಟೂ ಸಲ ಬೇರೆ ಬೇರೆ ಅಕ್ಷರ ಬರುತ್ತದೆ. ನಾನು ಸೌಟು ಹಿಡಿದೇ ನಾಲ್ಕಾರು ಸಲ ಒತ್ತಿ ನೋಡಿದೆ. ಬಾಲವೂ ಇಲ್ಲ, ಕೋಡೂ ಇಲ್ಲ. ಚೆನ್ನಾಗಿದೆ, ಸ್ವಲ್ಪ ಸಪ್ಪೆ.

ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಮಂಚಿಕೇರಿಯಿಂದ ನಾದಿನಿಯ ಗಂಡನ ಫೋನ್ ಬಂತು.

"ಅತ್ತಿಗೆ, ನಮ್ಮ ಬದಿಯ ಗಾಡಿ ಬಂತು. ನಮ್ಮನೆ ಇದು ಮಾತ್ರ ಬಂಜಿಲ್ಲೆ. ಮತ್ತೆಂತಾದ್ರೂ ಗಲಾಟೆ ಆತಾ?"

ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಸಾಸಿವೆ ಸಿಡಿಯುವವರೆಗೆ ಕಾದೆ. ಗಲಾಟೆ ಏನೂ ಇಲ್ಲ, ಅವಳು ಸಿದ್ದಾಪುರದ ಟೆಂಪೋ ಹತ್ತಿದ್ದಾಳೆ, ನಾಳೆ ಬರುತ್ತಾಳೆ ಎಂದೆ.

"ಸಿದ್ದಾಪುರಕ್ಕಾ? ಎಂತಕ್ಕೆ?"

"ಭರಣಿ ತಗಂಡು ಬಪ್ಪಲೆ," ಎಂದೆ.